ಪೈ 5ರಲ್ಲಿ ಪಂಪಿನ ರಿಲೇ ಮಿಸುಕುವುದಿಲ್ಲ: ಹೊಸ ವಿಳಾಸ ಯಾವುದು?

ತೋಟದ_ಪಂಪು

ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ. ಪಂಪಿನ ಸ್ಟಾರ್ಟರ್‌ಗೆ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಕೂರಿಸಿ, ಮೂರು ವರ್ಷ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಿಂದ ನಡೆಸಿದೆ. ಸಿ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ: ಇಡೀ ಮೆಮೊರಿಗೆ ದಾರಿಯಾದ /ಡೆವ್/ಮೆಮ್ ಕಡತ ತೆರೆದು, ಜಿಪಿಐಒ (ಹೊರಗಿನ ಸಾಧನ ಜೋಡಿಸುವ ಪಿನ್ನುಗಳು) ರಿಜಿಸ್ಟರುಗಳ ಭೌತಿಕ ವಿಳಾಸವನ್ನು ಎಂಮ್ಯಾಪ್ ಮಾಡಿ, ಅಂದರೆ ಪ್ರೋಗ್ರಾಂಗೆ ನೇರ ಕಾಣುವಂತೆ ಮಾಡಿ, 17ನೇ ಪಿನ್ನನ್ನು ಏರಿಸಿ ಇಳಿಸುತ್ತದೆ. ಸುಡೊ (ನಿರ್ವಾಹಕನ ಅಧಿಕಾರ) ಬೇಕಾಗುತ್ತಿತ್ತು, ಇರಲಿ ಎಂದುಕೊಂಡಿದ್ದೆ. ಮೊನ್ನೆಯ ಸಿಡಿಲಿಗೆ ಆ ಬೋರ್ಡ್ ಸುಟ್ಟುಹೋಯಿತು. ಪೈ 5 ತಂದು ಅದೇ ಪ್ರೋಗ್ರಾಂ ಓಡಿಸಿದರೆ ರಿಲೇ ಸದ್ದೇ ಇಲ್ಲ. ಹೊಸ ವಿಳಾಸ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಮೂರನೇ_ಪಿನ್

ಪೈ 5ರಲ್ಲಿ ಪಿನ್ನುಗಳು ಮುಖ್ಯ ಚಿಪ್ಪಿನಲ್ಲಿಲ್ಲ. ಆರ್‌ಪಿ1 ಎಂಬ ಬೇರೆ ಚಿಪ್ಪಿನಲ್ಲಿವೆ, ಅದು ಪಿಸಿಐಇ ಎಂಬ ಸಂಪರ್ಕ ಮಾರ್ಗದ ಆಚೆಗಿದೆ. ರಿಜಿಸ್ಟರುಗಳ ಜೋಡಣೆಯೂ ಬೇರೆ. ಬರೀ ವಿಳಾಸ ಬದಲಿಸಿದರೆ ಸಾಲದು.

ಬೆಸುಗೆಕೋಲು

ವಿಳಾಸ ಹುಡುಕುವುದನ್ನೇ ಬಿಡಿ ಎನ್ನುತ್ತೇನೆ. ಕೆರೆಯ ತೂಬನ್ನು ಪ್ರತಿಯೊಬ್ಬ ರೈತನೂ ತಾನೇ ಎತ್ತಿದರೆ ಊರು ಉಳಿಯುತ್ತದೆಯೇ? ಅದಕ್ಕೆಂದೇ ನೀರಗಂಟಿ ಇರುತ್ತಾನೆ. ಇಲ್ಲಿ ಆ ಕೆಲಸ ಲಿನಕ್ಸ್‌ನ ತಿರುಳಾದ ಕರ್ನೆಲ್‌ನದು.

ನಾನೂ ತೂಬು ಎತ್ತಿದವನೇ. ಹಳೆಯ ಪೈಗಳಲ್ಲಿ ಪಿನ್ನಿನ ಕೆಲಸ ನಿಗದಿ ಮಾಡುವ ಒಂದೊಂದು ರಿಜಿಸ್ಟರಿನಲ್ಲಿ ಹತ್ತು ಪಿನ್ನುಗಳು, ತಲಾ 3 ಬಿಟ್. ನಿಮ್ಮ 17 ಇರುವುದು 10ರಿಂದ 19ರವರೆಗಿನ ರಿಜಿಸ್ಟರಿನಲ್ಲಿ. ಹಳೆಯ ಮೌಲ್ಯವನ್ನು ಓದಿಕೊಳ್ಳದೆ ಇಡೀ ರಿಜಿಸ್ಟರನ್ನು ಬರೆದುಬಿಟ್ಟೆ. 14, 15ನೇ ಪಿನ್ನುಗಳಲ್ಲಿದ್ದ ಸೀರಿಯಲ್ ಕನ್ಸೋಲ್ (ತಂತಿಯ ಮೂಲಕ ಬೋರ್ಡಿಗೆ ಆಜ್ಞೆ ಕೊಡುವ ದಾರಿ) ಆ ಕ್ಷಣವೇ ಸತ್ತಿತು. ತಂತಿ ಸಡಿಲವಾಗಿದೆ ಎಂದು ಅರ್ಧ ದಿನ ಬೆಸುಗೆ ಹಾಕುತ್ತ ಕುಳಿತಿದ್ದೆ! ಓದಿಕೊಂಡೇ ಬರೆದರೂ, ಎರಡು ಪ್ರೋಗ್ರಾಂಗಳು ಒಟ್ಟಿಗೆ ಕೈ ಹಾಕಿದರೆ ಒಂದರ ಬದಲಾವಣೆಯನ್ನು ಇನ್ನೊಂದು ಅಳಿಸುತ್ತದೆ.

ಲಿನಕ್ಸ್ 4.8ರಿಂದ (2016) ಪ್ರತಿ ಜಿಪಿಐಒ ಚಿಪ್ಪಿಗೂ /ಡೆವ್/ಜಿಪಿಐಒಚಿಪ್ ಸಾಧನ ಕಡತವಿದೆ. ಅದನ್ನು ತೆರೆದು, ಐಒಸಿಟಿಎಲ್ (ಸಾಧನದ ಬಗ್ಗೆ ಕರ್ನೆಲ್‌ಗೆ ಕೋರಿಕೆ ಕಳಿಸುವ ಕರೆ) ಮೂಲಕ "17 ನನಗೆ ಬೇಕು, ಔಟ್‌ಪುಟ್ ಆಗಿ" ಎಂದು ಕೇಳಬೇಕು. ಲಿಬ್‌ಜಿಪಿಐಒಡಿ ಎಂಬ ಲೈಬ್ರರಿ ಬಳಸಿದರೆ ಅಷ್ಟೂ ಕೆಲಸವನ್ನು ಅದೇ ಮಾಡುತ್ತದೆ. ನಿಮ್ಮ ಖಾತೆಯನ್ನು ಜಿಪಿಐಒ ಗುಂಪಿಗೆ ಸೇರಿಸಿ, ಲಾಗ್‌ಔಟ್ ಮಾಡಿ ಮತ್ತೆ ಒಳಬನ್ನಿ; ಸುಡೊ ಬೇಡ. ಆ ಕಡತದ ಹೆಸರಿನ ಕೊನೆಗೆ ಬರುವ ಚಿಪ್ಪಿನ ಸಂಖ್ಯೆಯನ್ನು ಮಾತ್ರ ನಂಬಬೇಡಿ: ಪೈ 5ರಲ್ಲಿ ಮೊದಲು 4 ಇದ್ದದ್ದು ಆಮೇಲಿನ ಕರ್ನೆಲ್‌ಗಳಲ್ಲಿ 0 ಆಗಿದೆ. ಜಿಪಿಐಒಡಿಟೆಕ್ಟ್ ಆಜ್ಞೆ ಕೊಟ್ಟು ಆರ್‌ಪಿ1 ಹೆಸರಿನದನ್ನು ಹುಡುಕಿ.

ತೋಟದ_ಪಂಪು

ಸುಡೊ ಇಲ್ಲದೆ ಚಿಪ್ ತೆರೆಯಿತು, ಧನ್ಯವಾದ. ಆದರೆ 17 ಕೇಳಿದರೆ "ಡಿವೈಸ್ ಆರ್ ರಿಸೋರ್ಸ್ ಬ್ಯುಸಿ" ಎನ್ನುತ್ತದೆ.

ಬೆಸುಗೆಕೋಲು

ಯಾರೋ ಆಗಲೇ ಹಿಡಿದಿದ್ದಾರೆ. ಜಿಪಿಐಒಇನ್‌ಫೋ ಆಜ್ಞೆ ಕೊಟ್ಟರೆ ಹಿಡಿದವರ ಹೆಸರು 17ರ ಸಾಲಿನಲ್ಲೇ ಸಿಗುತ್ತದೆ.

ತೋಟದ_ಪಂಪು

ಸಿಕ್ಕಿತು. ಪರೀಕ್ಷೆಗೆಂದು ತಮ್ಮ ಬರೆದ ಪೈಥಾನ್ ಸ್ಕ್ರಿಪ್ಟ್, ನಿನ್ನೆಯಿಂದ ಹಿನ್ನೆಲೆಯಲ್ಲಿ ಓಡುತ್ತಿತ್ತು. ಅದನ್ನು ನಿಲ್ಲಿಸಿದ ಕೂಡಲೇ ರಿಲೇ ಟಕ್ ಎಂದಿತು. ಇನ್ನೊಂದು ಪ್ರಶ್ನೆ: ಪಂಪು ಓಡುವಾಗ ಪ್ರೋಗ್ರಾಂ ಸತ್ತರೆ?

ಬೆಸುಗೆಕೋಲು

ಕರ್ನೆಲ್ ಕಡತವನ್ನು ಮುಚ್ಚಿ ಪಿನ್ನನ್ನು ವಾಪಸು ಪಡೆಯುತ್ತದೆ. ಪಿನ್ನುಗಳನ್ನು /ಸಿಸ್ ಕಡತಗಳ ಮೂಲಕ ನಡೆಸುತ್ತಿದ್ದ ಹಳೆಯ ಸಿಸ್‌ಎಫ್‌ಎಸ್ ಪದ್ಧತಿಯಲ್ಲಿ ಅಷ್ಟೂ ಆಗುತ್ತಿರಲಿಲ್ಲ. ಆದರೆ ಆಮೇಲೆ ಪಿನ್ನಿನ ಮಟ್ಟ ಏನಿರುತ್ತದೆ ಎಂಬುದಕ್ಕೆ ಖಾತರಿಯಿಲ್ಲ, ಅದು ಡ್ರೈವರ್‌ಗೆ ಬಿಟ್ಟದ್ದು. ರಿಲೇ ಇನ್‌ಪುಟ್ ತಾನಾಗಿಯೇ ಆಫ್ ಕಡೆ ವಾಲುವಂತೆ ಒಂದು ರೆಸಿಸ್ಟರ್ ಹಾಕಿ, ಸ್ಟಾರ್ಟರ್‌ಗೆ ಬೇರೆಯದೇ ಟೈಮರ್ ಇರಲಿ. ಬಾವಿ ಬತ್ತಿದ ಮೇಲೂ ಓಡಿದ ಪಂಪಿಗೆ ನಾನು ಬೆಸುಗೆ ಹಾಕಲಾರೆ.