ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಏನು ಮಾಡಿಸ್ತೀರಿ?

ಕೇಳಿದವರು, ಕಾರವಾರ:
ಬೆಂಗಳೂರಿಂದ ವರ್ಗವಾಗಿ ಬಂದಿದ್ದೇವೆ. ಮಗಳು ನಾಲ್ಕನೇ ಕ್ಲಾಸು, ಮಗ ಎರಡನೇದು. ಅಲ್ಲಿ ಅಬಾಕಸ್, ಸ್ಕೇಟಿಂಗ್, ಕೀಬೋರ್ಡ್ ಅಂತ ವಾರವಿಡೀ ಓಡಾಟ ಇರ್ತಿತ್ತು. ಇಲ್ಲಿ ಮನೆಗೆ ಬಂದರೆ ಮೊಬೈಲೇ ಗತಿ. ಈ ಕಡೆ ಮಕ್ಕಳನ್ನು ಬೆಳೆಸಿದವರು ಏನು ಮಾಡಿಸ್ತೀರಿ? ಹಿಂದೆ ಬೀಳ್ತಾರೇನೋ ಅನ್ನೋ ಭಯವೂ ಇದೆ.

ಕಾರವಾರದ ಒಬ್ಬ ಅಪ್ಪ:
ಟಾಗೋರ್ ಬೀಚಿಗೆ ಹೇಗೂ ಹೋಗ್ತೀರಿ. ಚಾಪೆಲ್ ಯುದ್ಧನೌಕೆ ಒಂದು ಸಲ ನೋಡಿದರೆ ಮುಗೀತು, ಎರಡನೇ ಸಲಕ್ಕೆ ಮಕ್ಕಳು ಐಸ್‌ಕ್ರೀಮ್ ಕೇಳ್ತಾರೆ. ಮಗಳ ಕೈಗೆ ಒಂದು ನೋಟ್‌ಬುಕ್ ಕೊಡಿ. ಭರತ, ಅಂದ್ರೆ ಕಡಲಿನ ಏರು ನೀರು, ತುಂಬೋ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗ್ತದೆ. ಇವತ್ತು 4.30 ಆದರೆ ನಾಳೆ 5.20ರ ಸುಮಾರು, ನಾಡಿದ್ದು 6.10. ಗಂಟೆ-ನಿಮಿಷದ ಕೂಡೋ ಲೆಕ್ಕ ಪುಸ್ತಕದಲ್ಲಿ ತಲೆಗೆ ಹೋಗದಿದ್ದರೂ ಇಲ್ಲಿ ಹೋಗ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಎಲ್ಲಿವರೆಗೆ ಏರ್ತದೆ, ಅಷ್ಟಮಿ ಹೊತ್ತಿಗೆ ಎಲ್ಲಿ ನಿಲ್ತದೆ ಅಂತ ಅವಳೇ ಗುರುತು ಮಾಡ್ಲಿ. ದಡದಲ್ಲಿ ಏಂಡಿ ಬಲೆ ಎಳೀತಿದ್ದರೆ, ಕೇಳಿಕೊಂಡು, ಹಗ್ಗಕ್ಕೆ ಕೈ ಹಚ್ಚಲು ಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ರಜೆ, ಮೀನು ಮರಿ ಮಾಡೋ ಕಾಲ. ಆ ಹೊತ್ತಲ್ಲಿ ನಿಮ್ಮ ಮಕ್ಕಳಿಗೂ ಕಡಲು ಬಂದ್. ಪಾದ ನೆನೆಸೋದೂ ಬೇಡ. ಈ ಒಂದು ವಿಷಯದಲ್ಲಿ ಮುದ್ದು ಮಾಡಬೇಡಿ.

ಶಿರಸಿ ಕಡೆಯ ಆಯಿ:
ನಂಗೆ ಈ ‘ಚಟುವಟಿಕೆ’ಗಳ ಮೇಲೆ ಅಷ್ಟು ನಂಬಿಕೆ ಇಲ್ಲ. ಕೆಲಸ ಕೊಡಿ. ತಪ್ಪಿದರೆ ನಿಜವಾಗ್ಲೂ ನಷ್ಟ ಆಗೋ ಕೆಲಸ. ನಮ್ಮನೇಲಿ ಚಾಲಿ ಅಡಿಕೆ ಒಣಗಿಸೋ ಕಾಲದಲ್ಲಿ ಅಂಗಳ ಕಾಯೋದು ಮಾಣಿ, ಅಂದ್ರೆ ನಮ್ಮನೆ ಹುಡುಗನ, ಜವಾಬ್ದಾರಿ. ತಿಂಗಳ ಮೇಲೆ ಬಿಸಿಲು ಬೇಕು ಆ ಅಡಿಕೆಗೆ, ನಡುವೆ ಒಂದು ಮೋಡ ಬಂದರೂ ಒಳಗೆ ತುಂಬಬೇಕು. ಎಂಟು ವರ್ಷದವನು ಮೋಡ ನೋಡಿ “ಇದು ಬರ್ತು, ಅದು ಹೋಗ್ತು” ಅಂತ ಹೇಳೋಷ್ಟು ಕಲಿತ. ಯಾವ ಕ್ಲಾಸಲ್ಲೂ ಇದಕ್ಕೆ ಸರ್ಟಿಫಿಕೇಟ್ ಕೊಡ್ತ್ವಿಲ್ಲೆ ಅನ್ನಿ.

ನಿಮಗೆ ತೋಟ ಇಲ್ಲ, ಸರಿ. ಬೀಜ ಸಿಗ್ತದಲ್ಲ. ಏಪ್ರಿಲ್-ಮೇನಲ್ಲಿ ಹಲಸು, ಮುರುಗಲು (ಕೋಕಂ), ಮಾವು ಯಾವುದು ತಿಂದರೂ ಬೀಜ ಇಟ್ಟುಕೊಳ್ಳಿ, ಹಾಲಿನ ಖಾಲಿ ಪ್ಯಾಕೆಟ್ಟಿಗೆ ಮಣ್ಣು ತುಂಬಿ. ಹಲಸಿನ ಬೀಜ ಒಣಗಿಸಿ ಇಟ್ಟರೆ ಸತ್ತು ಹೋಗ್ತದೆ, ತಿಂದ ಕೂಡಲೇ ಊರಬೇಕು. ಮುರುಗಲು ಮೊಳಕೆ ಬರೋಕೆ ಬಹಳ ಕಾಯಿಸ್ತದೆ, ಮಕ್ಕಳು ಮಣ್ಣು ಅಗೆದು ಅಗೆದು ನೋಡಿ ಹಾಳು ಮಾಡ್ತಾರೆ. ಮಾಡ್ಲಿ. ಅದರ ಬದಲು ಇನ್ನೊಂದು ಊರಲಿ.

ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರ ಕಥೆ ಹೇಳಿ. ಶಾಲೆಗೆ ಹೋದವರಲ್ಲ, ಚಿಕ್ಕಂದಿನಲ್ಲೇ ತಾಯಿ ಜೊತೆ ನರ್ಸರಿ ಕೆಲಸಕ್ಕೆ ಹೋದವರು. ಕಾಡಲ್ಲಿ ಯಾವ ಮರದ ಬೀಜ ಆರಿಸಿದರೆ ಒಳ್ಳೆ ಸಸಿ ಬರ್ತದೆ ಅಂತ ಗುರುತಿಸ್ತಿದ್ದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿತ್ತು, 2024ರ ಡಿಸೆಂಬರ್‌ನಲ್ಲಿ ತೀರಿಹೋದರು. ಇದನ್ನ ಹೇಳಿದ ದಿನ ನಮ್ಮ ಕೂಸು, “ಹಂಗಾರೆ ನಾನೂ ಶಾಲೆಗೆ ಹೋಗ್ತ್ನಿಲ್ಲೆ” ಅಂದಿತ್ತು. ಅಡ್ಡಿಲ್ಲೆ, ಅವರ ಹಾಗೆ ಬೆಳಿಗ್ಗೆಯಿಂದ ಸಂಜೆವರೆಗೆ ಸಸಿಗೆ ನೀರು ಹೊರು ಅಂದೆ. ಮರುದಿನ ಚೀಲ ತಗೊಂಡು ಹೊರಟಿತು.

ಅಘನಾಶಿನಿ ದಡದವಳು, ಕುಮಟಾ:
ಶಿರಸಿ ಅಕ್ಕ ಹೇಳಿದ್ದು ಚಂದ ಇದೆ. ಆದರೆ ಒಂದು ಮಾತು. ಇಳಿತದ ಹೊತ್ತಲ್ಲಿ ನಾವು ಹೊಳೇಲಿ ಬಳಚು, ಅಂದ್ರೆ ತಿನ್ನೋ ಚಿಪ್ಪಿ, ಹೆಕ್ತೇವೆ, ಮಕ್ಕಳೂ ಬರ್ತಾರೆ. ಅದು ನಮಗೆ ಕಲಿಕೆ ಅಲ್ಲ ಮಾರಾಯ್ರೆ, ಸಾರು. ಸೊಂಟ ಬಗ್ಗಿಸಿ ಬಗ್ಗಿಸಿ ಸಾಕಾಗಿರ್ತದೆ. ರಜೆ ದಿನ ಕಾರಲ್ಲಿ ಬಂದು ಮಕ್ಕಳನ್ನು ಕೆಸರಿಗೆ ಇಳಿಸಿ, ನಮ್ಮನ್ನೂ ಸೇರಿಸಿ ಫೋಟೋ ಹೊಡೆದು ಹೋಗೋರನ್ನ ಕಂಡ್ರೆ ಸಿಟ್ಟು ಬರ್ತದೆ. ನನ್ನ ಮಗಳಿಗೆ ನಿಮ್ಮ ಆ ಅಬಾಕಸ್ ಮೇಲೆಯೇ ಆಸೆ! ನಿಮ್ಮವಳು ನನ್ನವಳಿಗೆ ಮಣಿ ಲೆಕ್ಕ ಹೇಳಿಕೊಡ್ಲಿ, ನನ್ನವಳು ಕೆಸರಲ್ಲಿ ಕಾಲು ಕೊಯ್ಯದ ಹಾಗೆ ನಡೆಯೋದು ಹೇಳಿಕೊಡ್ತಾಳೆ. ಹಾಗಾದರೆ ಬನ್ನಿ.

ಹೊನ್ನಾವರದ ಮೇಷ್ಟ್ರು:
ಕುಮಟಾ ತಂಗಿ ಮಾತಿಗೆ ನನ್ನದೂ ಒಂದು ಸಹಿ. ಎರಡೇ ಎರಡು ಸೇರಿಸ್ತೇನೆ. ಡಿಸೆಂಬರ್‌ನಿಂದ ಮಾರ್ಚ್ ಒಳಗೆ ನಮ್ಮ ಕಡಲತೀರದಲ್ಲಿ ಆಲಿವ್ ರಿಡ್ಲೆ ಆಮೆ ಮೊಟ್ಟೆ ಇಡ್ತವೆ, ಮರಿ ಬರೋಕೆ ಒಂದೂವರೆ ತಿಂಗಳಿಂದ ಎರಡು ತಿಂಗಳು. ಗೂಡು ಕಂಡ್ರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸೋದು, ಮರಿ ಕಡಲಿಗೆ ಹೋಗುವಾಗ ಟಾರ್ಚ್ ಹಾಕದೆ ನಿಲ್ಲೋದು, ಎರಡನೇ ಕ್ಲಾಸಿನ ಹುಡುಗನಿಗೆ ಇದಕ್ಕಿಂತ ಕಷ್ಟದ ಪಾಠ ಬೇರೆ ಇಲ್ಲ.

ಇನ್ನೊಂದು ಯಕ್ಷಗಾನ. ಗುಣವಂತೆಯಲ್ಲಿ ಕೆರೆಮನೆಯವರ ಮೇಳ 1934ರಿಂದ ನಡೀತಾ ಬಂದಿದೆ, ಕಲಿಸುವ ಕೇಂದ್ರವೂ ಇದೆ. ಕಾರವಾರದಿಂದ ದಿನಾ ಬರೋದು ಆಗದ ಮಾತು, ಆದರೆ ನಿಮ್ಮ ಹತ್ತಿರ ಹೆಜ್ಜೆ ಹೇಳಿಕೊಡುವವರು ಇದ್ದಾರಾ ಅಂತ ವಿಚಾರಿಸಿ. ವೇಷ ಕಟ್ಟದಿದ್ದರೂ ತೊಂದರೆ ಇಲ್ಲ. ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ತಾಳಮದ್ದಳೆಗೆ ಕರೆದುಕೊಂಡು ಹೋಗಿ ಬಂದ ಮೇಲೆ, “ನೀನೇ ಕರ್ಣ ಆಗಿದ್ರೆ ಕೃಷ್ಣನಿಗೆ ಏನು ಉತ್ತರ ಕೊಡ್ತಿದ್ದೆ?” ಅಂತ ಕೇಳಿ ನೋಡಿ. ತರಗತಿಯಲ್ಲಿ ಎದ್ದು ನಿಲ್ಲಲು ಹೆದರುವ ಮಕ್ಕಳು ಇಂಥ ಪ್ರಶ್ನೆಗೆ ನಿಲ್ಲಿಸದೆ ಮಾತಾಡಿದ್ದು ಕಂಡಿದ್ದೇನೆ. ಹಿಂದೆ ಬೀಳುವ ಭಯ ಬಿಡಿ, ದಿನಾ ಅರ್ಧ ಗಂಟೆ ಕನ್ನಡ ಓದಿಸಿ ಸಾಕು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಕುಮಟಾ ಅಕ್ಕ, ಅಬಾಕಸ್ ಎರಡು ಸೆಟ್ ಇದೆ, ಒಂದು ನಿಮ್ಮ ಮಗಳಿಗೇ. ಫೋಟೋ ಇಲ್ಲ, ಖಂಡಿತ. ಶಿರಸಿ ಕಡೆ ಮಳೆಗಾಲದಲ್ಲಿ ಬರಬಹುದಾ? ಮಗನಿಗೆ ಉಂಬಳ (ಜಿಗಣೆ) ಅಂದ್ರೆ ಪ್ರಾಣ ಹೋಗ್ತದೆ.

ಶಿರಸಿ ಕಡೆಯ ಆಯಿ:
ಬನ್ನಿ ಬನ್ನಿ. ಉಂಬಳ ಹತ್ತೇ ಹತ್ತುತ್ತೆ, ಇಲ್ಲ ಅಂತ ಮಗನಿಗೆ ಸುಳ್ಳು ಹೇಳಬೇಡಿ. ನಾವು ಕೋಲಿನ ತುದಿಗೆ ಬಟ್ಟೆಯಲ್ಲಿ ಸುಣ್ಣ-ತಂಬಾಕು ಕಟ್ಟಿಕೊಂಡು ತೋಟಕ್ಕೆ ಹೋಗ್ತೇವೆ, ಮುಟ್ಟಿಸಿದರೆ ಬಿದ್ದುಹೋಗ್ತದೆ. ಆ ಕೋಲು ಅವನ ಕೈಗೇ ಕೊಡ್ತೆ. ನನ್ನ ಕಾಲಿಗೆ ಹತ್ತಿದ್ದನ್ನೂ ಅವನೇ ತೆಗೀಲಿ.