ಲೂಪರ್‌ನಲ್ಲಿ ಗಿಟಾರ್ ಸರಿ, ಕೊನ್ನಕೋಲು ಮಾತ್ರ ಕ್ಷೀಣ, ಮೇಲೆ ಸುಂಯ್ ಅನ್ನೋ ಸದ್ದು

ತದಿಗಿಣತೊಂ:
ಮನೆಯಲ್ಲೇ ಲೈವ್ ಲೂಪಿಂಗ್ ಮಾಡ್ತೀನಿ, ಅಂದ್ರೆ ನುಡಿಸಿದ್ದನ್ನ ಅಲ್ಲೇ ರೆಕಾರ್ಡ್ ಮಾಡಿ, ಅದು ಸುತ್ತುತ್ತಿರುವಾಗಲೇ ಮೇಲೆ ಪದರ ಪದರವಾಗಿ ಹಾಕೋದು. ಪ್ರೀಆಂಪ್ (ಸಿಗ್ನಲ್ ಎತ್ತೋ ಸರ್ಕ್ಯೂಟ್) ಇರೋ ಅಕೂಸ್ಟಿಕ್ ಗಿಟಾರ್, ಖಂಜಿರ, ಕೊನ್ನಕೋಲು (ಬಾಯಲ್ಲಿ ಹೇಳೋ ತಾಳದ ಸೊಲ್ಲು). ಲೂಪರ್ ಗಿಟಾರ್‌ಗಂತ ಮಾಡಿದ ಪೆಡಲ್, ಒಂದೇ ಇನ್‌ಪುಟ್. ಗಿಟಾರ್ ಚೆನ್ನಾಗಿ ಬರುತ್ತೆ. ಅದನ್ನ ತೆಗೆದು ಶೂರ್ ಎಸ್‌ಎಂ58 ಮೈಕನ್ನ ಅಡಾಪ್ಟರ್ ಕೇಬಲ್‌ನಲ್ಲಿ ಚುಚ್ಚಿದ್ರೆ ದನಿ ಕೇಳೋದೇ ಇಲ್ಲ. ಸ್ಪೀಕರ್ ಪೂರ್ತಿ ಏರಿಸಿದ್ರೆ ಬರೀ ಸುಂಯ್. ಮೈಕ್ ಕೆಟ್ಟಿದೆಯಾ?

ಕಡಲತಡಿ:
ಮೈಕೂ ಕೆಟ್ಟಿಲ್ಲ, ಲೂಪರೂ ಕೆಟ್ಟಿಲ್ಲ ಮಾರಾಯ್ರೆ. ಡೈನಮಿಕ್ ಮೈಕ್ ಕೊಡುವುದು ಒಂದೆರಡು ಮಿಲಿವೋಲ್ಟ್. ನಿಮ್ಮ ಗಿಟಾರಿನ ಪ್ರೀಆಂಪ್ ಕೊಡುವುದು ನೂರು, ಇನ್ನೂರು ಮಿಲಿವೋಲ್ಟ್. ಹತ್ತಿರ ಹತ್ತಿರ 40 ಡಿಬಿ (ಡೆಸಿಬೆಲ್), ಅಂದರೆ ನೂರು ಪಟ್ಟು ವ್ಯತ್ಯಾಸ. ಅಡಾಪ್ಟರ್ ಕೇಬಲ್ ಪ್ಲಗ್ಗನ್ನು ಮಾತ್ರ ಬದಲಿಸುತ್ತದೆ, ಸಿಗ್ನಲ್ ಎತ್ತುವುದಿಲ್ಲ. ಲೂಪರ್ ಆದ ಮೇಲೆ ಎತ್ತಿದರೆ ಅದರ ಗದ್ದಲವೂ ಜೊತೆಗೇ ಏಳುತ್ತದೆ. ಎತ್ತಬೇಕಾದ್ದು ಲೂಪರಿಗಿಂತ ಮುಂಚೆ. ಆಕ್ಸ್ ಸೆಂಡ್ (ಬೇಕಾದ ಚಾನೆಲ್ಲುಗಳ ಸದ್ದನ್ನು ಬೇರೆಯಾಗಿ ಹೊರಗೆ ಕಳಿಸುವ ದಾರಿ) ಇರುವ ಚಿಕ್ಕ ಮಿಕ್ಸರ್ ಸಾಕು. ಮೈಕ್, ಗಿಟಾರ್ ಎರಡೂ ಮಿಕ್ಸರಿಗೆ, ಆಕ್ಸ್ ಸೆಂಡ್‌ನಿಂದ ಲೂಪರಿಗೆ, ಲೂಪರಿನಿಂದ ಖಾಲಿ ಇರುವ ಲೈನ್ ಚಾನೆಲ್ಲಿಗೆ.

ತದಿಗಿಣತೊಂ:
ಗೆಳೆಯನ ಮಿಕ್ಸರ್ ತಂದೆ. ದನಿ ಈಗ ಸ್ವಚ್ಛ, ಥ್ಯಾಂಕ್ಸ್ ಸರ್! ಆದ್ರೆ ಹೊಸ ತಲೆನೋವು. ಒಂದೊಂದ್ಸಲ ಕೂಊಂ ಅಂತ ಊಳಿಡುತ್ತೆ. ಹಾಡುವಾಗ ದನಿ ಡಬ್ಬದೊಳಗಿಂದ ಬಂದ ಹಾಗಿರುತ್ತೆ. ಮೂರನೇ ಪದರ ಹಾಕಿದ್ರೆ ಖಂಜಿರ ಒಡೆದು ಬರುತ್ತೆ, ಮಾಸ್ಟರ್ ಇಳಿಸಿದ್ರೂ ಹಾಗೇ.

ಪ್ಯಾಚ್‌ಬೇ:
ಊಳು: ಲೂಪರ್ ವಾಪಸ್ ಬರೋ ಚಾನೆಲ್‌ನ ಆಕ್ಸ್ ಗುಂಡಿ ಪೂರ್ತಿ ಸೊನ್ನೆಗಿರಲಿ. ಇಲ್ಲಾಂದ್ರೆ ಲೂಪರ್ ತನ್ನನ್ನೇ ತಾನು ಕೇಳಿಸ್ಕೊಳ್ಳುತ್ತೆ.

ಡಬ್ಬದ ದನಿ: ನಿಮ್ಮ ದನಿ ಎರಡು ದಾರೀಲಿ ಬರ್ತಿದೆ, ಮಿಕ್ಸರ್‌ನಿಂದ ನೇರವಾಗಿ ಮತ್ತು ಲೂಪರ್ ಮೂಲಕ. ಆಕ್ಸ್ ಪ್ರೀ-ಫೇಡರ್ ಆಗಿದ್ರೆ, ಅಂದ್ರೆ ಚಾನೆಲ್‌ನ ವಾಲ್ಯೂಮ್ (ಫೇಡರ್) ಇಳಿಸಿದ್ರೂ ಆಕ್ಸ್‌ಗೆ ಸದ್ದು ಹೋಗೋ ಹಾಗಿದ್ರೆ, ಮೈಕ್ ಚಾನೆಲ್‌ನ ಫೇಡರ್ ಇಳಿಸಿಬಿಡಿ. ಪೋಸ್ಟ್-ಫೇಡರ್ (ಫೇಡರ್ ಇಳಿಸಿದ್ರೆ ಆಕ್ಸ್ ಕೂಡ ಇಳಿಯೋದು) ಮಾತ್ರ ಇದ್ರೆ ಲೂಪರ್‌ನ ಸೆಟ್ಟಿಂಗ್‌ನಲ್ಲಿ ನೇರ ದನಿ ನಿಲ್ಲಿಸೋ ಆಯ್ಕೆ ಇದೆಯಾ ನೋಡಿ.

ಒಡೆಯೋದು: ಇದೇ ಮುಖ್ಯ. ರೆಕಾರ್ಡ್ ಆಗುವಾಗಲೇ ಒಡೆದ ಸದ್ದು ಲೂಪ್‌ನಲ್ಲಿ ಹಾಗೇ ಕೂತಿರುತ್ತೆ, ಮಾಸ್ಟರ್ ಇಳಿಸಿದ್ರೆ ಒಡೆದದ್ದೇ ಮೆಲ್ಲಗೆ ಕೇಳುತ್ತೆ ಅಷ್ಟೆ. ಒಂದೇ ಮಟ್ಟದ ಎರಡು ಬೇರೆ ಬೇರೆ ಪದರ ಸೇರಿದ್ರೆ ಸುಮಾರು 3 ಡಿಬಿ ಏರುತ್ತೆ. ಶಿಖರಗಳು ಒಂದೇ ಕ್ಷಣಕ್ಕೆ ಬಂದ್ರೆ 6 ಡಿಬಿವರೆಗೂ. ನೀವಂತೂ ಸಮಕ್ಕೆ ಸರಿಯಾಗಿ ಎಲ್ಲಾ ಪದರದಲ್ಲೂ ಜೋರಾಗಿ ಬಾರಿಸ್ತೀರ! ಮೊದಲ ಪದರ ಇಡುವಾಗಲೇ ಒಡೆಯೋ ಮಟ್ಟಕ್ಕಿಂತ ಕೆಳಗೆ 12 ಡಿಬಿಯಷ್ಟು ಜಾಗ ಬಿಡಿ.

ಗೇನನ್ನ (ಮಿಕ್ಸರ್‌ಗೆ ಬರೋ ಮೈಕ್ ಸಿಗ್ನಲ್ ಎತ್ತೋ ಗುಂಡಿ) ಕೊನ್ನಕೋಲಿಗೆ ನೋಡಿ ಇಡಬೇಡಿ. ಖಂಜಿರದ ಅತಿ ಜೋರಿನ ಪೆಟ್ಟಿಗೆ ಪೀಕ್ ದೀಪ ಹತ್ತದ ಹಾಗಿಟ್ಟು, ಆಮೇಲೆ ಆಕ್ಸ್ ಏರಿಸಿ. ಲೂಪರ್‌ನಲ್ಲಿ ಮೀಟರ್ ಇಲ್ಲದಿದ್ರೆ ಆ ಪೆಟ್ಟನ್ನೇ ನಾಲ್ಕು ಪದರ ಹಾಕಿ ಕೇಳಿ. ಒಡೆದ್ರೆ ಆಕ್ಸ್ ಇಳಿಸಿ, ಲೂಪ್ ಅಳಿಸಿ ಮತ್ತೆ ಹಾಕಿ.

ತದಿಗಿಣತೊಂ:
ಮೂರೂ ಹೋಯ್ತು ಗುರುಗಳೇ. ಆಕ್ಸ್ ಈಗ ಅರ್ಧಕ್ಕಿಂತ ಕಮ್ಮಿ, ಸ್ಪೀಕರ್ ಸ್ವಲ್ಪ ಜಾಸ್ತಿ. ಲ್ಯಾಪ್‌ಟಾಪನ್ನ ಮಿಕ್ಸರ್‌ಗೆ ಸಿಕ್ಕಿಸಿದಾಗ ಮಾತ್ರ ಗುಂಯ್ ಅನ್ನುತ್ತೆ.

ಕಡಲತಡಿ:
ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನೋಡಿ. ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಉಪಕರಣಗಳ ಅರ್ತ್ ಎರಡು ದಾರಿಯಲ್ಲಿ ಕೂಡಿ ಬರುವ ಗದ್ದಲ. ಎಲ್ಲವನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿ. ಆಗಲೂ ನಿಲ್ಲದಿದ್ದರೆ ಲ್ಯಾಪ್‌ಟಾಪ್ ಆಡಿಯೋ ಕೇಬಲ್ಲಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ತಂತಿಯ ನೇರ ಸಂಪರ್ಕವಿಲ್ಲದೆ ಸದ್ದನ್ನು ದಾಟಿಸುವುದು) ಹಾಕಿ. ಅರ್ತ್ ಪಿನ್ ಮಾತ್ರ ಮುರಿಯಬೇಡಿ, ಯಾರು ಹೇಳಿದರೂ; ಶಾಕ್ ಹೊಡೆದೀತು. ಮೈಕ್ ಇರುವುದು ನಿಮ್ಮ ತುಟಿಯ ಹತ್ತಿರ.