ಆಳಸಮುದ್ರದ ಸ್ಕ್ವಿಡ್: ತೋಳು ಯಾವುದು, ಗ್ರಹಣಾಂಗ ಯಾವುದು?

ಎಲ್ಲರಿಗೂ ನಮಸ್ಕಾರ.

ಆಳಸಮುದ್ರದ ಸ್ಕ್ವಿಡ್‌ಗಳ (ಆಕ್ಟೋಪಸ್ಸಿನ ಬಳಗದ ಮೃದ್ವಂಗಿಗಳು) ಬಗ್ಗೆ ಶಾಲಾ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಅಂಗಗಳ ಹೆಸರಿನ ವಿಷಯದಲ್ಲಿ ನಿಮ್ಮ ಸಲಹೆ ಬೇಕಾಗಿದೆ.

ಮಾಮೂಲಿ ಸ್ಕ್ವಿಡ್‌ನ ಮಟ್ಟಿಗೆ ತೊಡಕೇನೂ ಇಲ್ಲ. ಬಾಯಿಯ ಸುತ್ತ ಹತ್ತು ಅಂಗಗಳು. ಎಂಟು ಗಿಡ್ಡ, ಉದ್ದಕ್ಕೂ ಹೀರುಬಟ್ಟಲುಗಳಿರುವವು. ಉಳಿದೆರಡು ಉದ್ದ, ತುದಿ ಅಗಲವಾಗಿ ಹೀರುಬಟ್ಟಲುಗಳು ಹೆಚ್ಚಾಗಿ ಅಲ್ಲೇ ಗುಂಪುಗೂಡಿರುತ್ತವೆ. ಬೇಟೆ ಕಂಡಾಗ ಈ ಎರಡು ಸರ್ರನೆ ಚಾಚಿ ಹಿಡಿಯುತ್ತವೆ, ಎಂಟು ಸೇರಿ ಅದನ್ನು ಬಾಯಿಗೆ ಒಪ್ಪಿಸುತ್ತವೆ. ಎಂಟಕ್ಕೆ ‘ತೋಳು’, ಎರಡಕ್ಕೆ ‘ಗ್ರಹಣಾಂಗ’ ಎಂದು ಬರೆದುಕೊಂಡು ನೆಮ್ಮದಿಯಾಗಿದ್ದೆ.

ಮ್ಯಾಗ್ನಪಿನ್ನಾ ಎಂಬ ಆಳಸಮುದ್ರದ ಸ್ಕ್ವಿಡ್ ಬಂದು ಈ ನೆಮ್ಮದಿ ಕೆಡಿಸಿತು. 1998ರಲ್ಲಿ ವೆಕಿಯೋನೆ ಮತ್ತು ಯಂಗ್ ಎಂಬ ವಿಜ್ಞಾನಿಗಳು ಮರಿಗಳನ್ನು ನೋಡಿ ಇಟ್ಟ ಹೆಸರು ಇದು. ದೊಡ್ಡ ಈಜುರೆಕ್ಕೆಯದು ಎಂದು ಅರ್ಥ. ಬೆಳೆದ ಪ್ರಾಣಿ ವಿಡಿಯೊಗಳಲ್ಲಿ ಕಂಡಾಗ ರೆಕ್ಕೆಯನ್ನು ಯಾರೂ ಗಮನಿಸುವ ಹಾಗಿರಲಿಲ್ಲ. 2007ರಲ್ಲಿ ಮೆಕ್ಸಿಕೊ ಕೊಲ್ಲಿಯ ತೈಲಬಾವಿಯೊಂದರ ಬಳಿ ಸುಮಾರು 2,400 ಮೀಟರ್ ಆಳದಲ್ಲಿ ತೆಗೆದ ದೃಶ್ಯ ಹೀಗಿದೆ: ಸಣ್ಣ ಮೈ ಮೇಲ್ಗಡೆ ನಿಂತಿದೆ. ಹತ್ತೂ ಅಂಗಗಳು ಮೊದಲು ಪಕ್ಕಕ್ಕೆ ಚಾಚಿ, ಸ್ವಲ್ಪ ದೂರದಲ್ಲಿ ತಟ್ಟನೆ ಮಡಿಸಿಕೊಂಡು, ಅಲ್ಲಿಂದ ದಾರದಷ್ಟು ಸಣ್ಣಗಾಗಿ ಕೆಳಕ್ಕೆ ಇಳಿಬಿದ್ದಿವೆ. ಯಾವ ಎಂಟು, ಯಾವ ಎರಡು ಎಂದು ಹೇಳಲು ಬರುವುದಿಲ್ಲ. ಉದ್ದ, ದಪ್ಪ ಎಲ್ಲವೂ ಒಂದೇ. 2021ರಲ್ಲಿ ಈ ಕುಟುಂಬದ ಮರಿಯೊಂದು ಫಿಲಿಪೀನ್ಸ್ ಕಂದಕದಲ್ಲಿ 6,200 ಮೀಟರ್ ಆಳದಲ್ಲಿ ಕಂಡ ಸುದ್ದಿ ಬಂತು. ಅಷ್ಟು ಆಳದಲ್ಲಿ ಬೇರಾವ ಸ್ಕ್ವಿಡ್ಡೂ ಅದುವರೆಗೆ ಕಂಡಿರಲಿಲ್ಲ.

ಇಂಗ್ಲಿಷ್‌ನವರು ಆ ಮಡಿಕೆಯನ್ನು ಮೊಣಕೈ ಎನ್ನುತ್ತಾರೆ. ಮೂಳೆಯೇ ಇಲ್ಲದ ಅಂಗಕ್ಕೆ ಮೊಣಕೈ ಎಲ್ಲಿಂದ ಬಂತು? ನಾನು ‘ಮಡಿಕೆ’ ಎಂದೇ ಬಿಡುತ್ತೇನೆ. ಇಳಿಬಿದ್ದ ಭಾಗಕ್ಕೆ ‘ಬಿಳಲು’ ಎನ್ನಬಹುದೇ? ಆಲದ ಮರದ ಬಿಳಲಿನ ಹಾಗೆ ಅಡ್ಡ ಹೋಗಿ ನೇರ ಕೆಳಗಿಳಿಯುವ ರೂಪವೇ ಅಲ್ಲಿರುವುದು. ‘ತಂತು’ ಎಂದರೆ ಪಾಠದ ವಾಸನೆ ಬರುತ್ತದೆ. ‘ಎಳೆ’ಯನ್ನು ವ್ಯಾಂಪೈರ್ ಸ್ಕ್ವಿಡ್‌ಗೆ ಮೀಸಲಿಟ್ಟಿದ್ದೇನೆ. ಅದಕ್ಕೆ ಎಂಟು ತೋಳುಗಳ ಜೊತೆಗೆ ಚೀಲದೊಳಗೆ ಎಳೆದುಕೊಳ್ಳಬಲ್ಲ ಎರಡು ಎಳೆಗಳಿವೆ. ಮೇಲಿನಿಂದ ಉದುರುವ ಸಾವಯವ ಕಸ ಅವುಗಳಿಗೆ ಅಂಟುತ್ತದೆ, ಅದೇ ಅದರ ಊಟ. ಹೆಸರಿನಲ್ಲಿ ರಕ್ತಪಿಶಾಚಿ, ಬದುಕಿನಲ್ಲಿ ಜಾಡಮಾಲಿ!

ಸ್ಕ್ವಿಡ್‌ಗೆ ‘ದಶಪದಿ’ ಎಂಬ ಸಲಹೆಯೂ ಬಂದಿದೆ, ಅಷ್ಟಪದಿಯ (ಆಕ್ಟೋಪಸ್) ಜೋಡಿಯಾಗಿ. ನನಗೆ ಒಪ್ಪಿಗೆಯಿಲ್ಲ. ಟ್ಯಾನಿಂಜಿಯಾ ಎಂಬ ದೊಡ್ಡ ಸ್ಕ್ವಿಡ್ ಮರಿಯಾಗಿದ್ದಾಗ ಹತ್ತು ಅಂಗಗಳನ್ನು ಹೊಂದಿದ್ದು, ಬೆಳೆಯುತ್ತ ಆ ಎರಡು ಗ್ರಹಣಾಂಗಗಳನ್ನು ಕಳೆದುಕೊಂಡು ಎಂಟಕ್ಕೇ ನಿಲ್ಲುತ್ತದೆ. ಲೆಕ್ಕವನ್ನು ಹೆಸರಿಗೆ ಕಟ್ಟಿದರೆ ಪ್ರಾಣಿಯೇ ಹೆಸರನ್ನು ಸುಳ್ಳು ಮಾಡುತ್ತದೆ.

ಈಗ ಕರಾವಳಿಯವರಿಗೆ ಒಂದು ಪ್ರಶ್ನೆ. ನಿಮ್ಮಲ್ಲಿ ಬೊಂಡಾಸ್ (ಸ್ಕ್ವಿಡ್) ಶುಚಿ ಮಾಡುವಾಗ ತಲೆ ಹಿಡಿದು ಎಳೆದರೆ ಕರುಳು, ಮಸಿಚೀಲ ಒಟ್ಟಿಗೆ ಈಚೆ ಬರುತ್ತವೆ. ಬೆರಳು ಹಾಕಿದರೆ ಮೈಯುದ್ದದ ಪಾರದರ್ಶಕ ಕಡ್ಡಿ ಜಾರಿ ಬರುತ್ತದೆ. ಬಾಯಿಯ ನಡುವೆ ಗಟ್ಟಿಯಾದ ಕಪ್ಪು ಕೊಕ್ಕನ್ನು ಒತ್ತಿ ತೆಗೆಯುತ್ತೀರಿ. ಆ ಕಡ್ಡಿಗೆ, ಉಳಿದ ಎಂಟರಿಂದ ಬೇರೆಯಾಗಿ ತೋರುವ ಆ ಎರಡು ಉದ್ದದವಕ್ಕೆ, ಮೀನು ಮಾರುವ ಹೆಂಗಸರು ಅಥವಾ ಮನೆಯ ಹಿರಿಯರು ಬಳಸುವ ಪದವಿದ್ದರೆ ದಯವಿಟ್ಟು ತಿಳಿಸಿ. ತುಳು, ಕೊಂಕಣಿ, ಬ್ಯಾರಿ ಯಾವುದಾದರೂ ಸರಿ. ‘ಗ್ರಹಣಾಂಗ’ಕ್ಕಿಂತ ಬಾಯಿಗೆ ಹಗುರವಾಗಿದ್ದರೆ ಅದನ್ನೇ ತೆಗೆದುಕೊಳ್ಳುತ್ತೇನೆ.

ಕೊನೆಯದಾಗಿ ಹಿಸ್ಟಿಯೊಟ್ಯೂಥಿಸ್ ಎಂಬ ಸ್ಕ್ವಿಡ್. ಇದರ ಎಡಗಣ್ಣು ಬಲಗಣ್ಣಿಗಿಂತ ಬಹಳ ದೊಡ್ಡದು. ದೊಡ್ಡ ಕಣ್ಣು ಮೇಲಿನ ಮಂದ ಬೆಳಕಿನಲ್ಲಿ ನೆರಳುಗಳನ್ನು ಹುಡುಕುತ್ತದೆ, ಸಣ್ಣದು ಕೆಳಗಿನ ಕತ್ತಲೆಯಲ್ಲಿ ಜೀವಿಗಳು ಹೊಮ್ಮಿಸುವ ಬೆಳಕನ್ನು. ‘ಮೆಳ್ಳೆಗಣ್ಣಿನ ಸ್ಕ್ವಿಡ್’ ಎಂದು ಬರೆದಿದ್ದೇನೆ. ನೋಟ ಎರಡು ದಿಕ್ಕಿಗಿರುವುದರಿಂದ ಅರ್ಥ ಹೊಂದುತ್ತದೆ, ಆದರೆ ಗಾತ್ರದ ವ್ಯತ್ಯಾಸ ಅದರಲ್ಲಿ ಬರುವುದಿಲ್ಲ. ಮಕ್ಕಳ ಲೇಖನದಲ್ಲಿ ಆ ಪದ ಯಾರನ್ನಾದರೂ ನೋಯಿಸೀತೇ ಎಂಬ ಅಳುಕೂ ಇದೆ. ‘ಹೆಚ್ಚುಕಡಿಮೆ ಕಣ್ಣಿನದು’ ಎಂದರೆ ನಗೆಪಾಟಲಾಗುತ್ತದೆಯೇ?